ಕೆಡ್ಡಸದ ದಿನ ಬಿತ್ತಿದ ಕೊತ್ತಂಬರಿ

ಕಕ್ಕಿಂಜೆ
4 ಮಾರ್ಚ್ 2024

ಪ್ರೀತಿಯ ತೃಪ್ತಿ ಅತ್ತಿಗೆಗೆ ಹರಿಣಾಕ್ಷಿಯ ನಮಸ್ಕಾರಗಳು.

ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ ಇದೆ, ಸಿಟ್ಟು ಮಾಡಬೇಡಿ. ಒತ್ತಕ್ಷರ ಎಲ್ಲಿ ಬಿಟ್ಟುಹೋಗಿದೆಯೋ ಅಲ್ಲಿ ನೀವೇ ಹಾಕಿಕೊಂಡು ಓದಿ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬೀಡಿ ಕಟ್ಟುವ ಕೈಗೆ ಪೆನ್ನು ಕೊಟ್ಟರೆ ಬೆರಳುಗಳು ಅದನ್ನೂ ಸುರುಳಿ ಸುತ್ತಲು ನೋಡುತ್ತವೆ.

ಅಣ್ಣ ಎಷ್ಟು ಸಲ ಮಾಡಿದರೂ ನಿಮ್ಮ ಫೋನಿಗೆ ಹೋಗುವುದಿಲ್ಲ. ಹೋದರೂ ನನಗೆ ಫೋನಿನಲ್ಲಿ ಮಾತು ಬರುವುದಿಲ್ಲವಲ್ಲ. ಮೊದಲ ಅಕ್ಷರದಲ್ಲೇ ನಾಲಿಗೆ ಸಿಕ್ಕಿಕೊಳ್ಳುತ್ತದೆ, ಆ ಕಡೆಯವರು ಹಲೋ ಹಲೋ ಎಂದು ಇಟ್ಟುಬಿಡುತ್ತಾರೆ. ಎದುರಿಗೆ ಇರುವವರಾದರೆ ನನ್ನ ಮಾತನ್ನು ತಾವೇ ಮುಗಿಸಿಬಿಡುತ್ತಾರೆ. ಈ ಮನೆಗೆ ಬಂದವರಲ್ಲಿ ನೀವು ಒಬ್ಬರೇ ಕಾದು ಕೇಳುತ್ತಿದ್ದದ್ದು. ಅದಕ್ಕೆ ಕಾಗದ ಬರೆಯುವ ಧೈರ್ಯ ಮಾಡಿದೆ. ವಿಳಾಸವನ್ನು ನಿಮ್ಮ ಮದುವೆಯ ಕರೆಯೋಲೆ ನೋಡಿ ಬರೆದುಕೊಂಡೆ.

ಒಂದು ವಾರ ಅಮ್ಮನ ಮನೆಯಲ್ಲಿ ಸುಧಾರಿಸಿಕೊಂಡು ಬರುತ್ತೇನೆ ಎಂದು ಮೂಡುಬಿದಿರೆಗೆ ಹೋದಿರಿ. ಆ ವಾರ ಕಳೆದುಹೋಯಿತು. ಇಲ್ಲಿ ಯಾರೂ ಆ ವಿಷಯ ಎತ್ತುವುದಿಲ್ಲ. ನನ್ನ ತಲೆಯಲ್ಲಿ ಮಾತ್ರ ಅದೇ ತಿರುಗುತ್ತದೆ.

ನಿಮಗೆ ಆಗ ಮೂರು ತಿಂಗಳು. ಅನ್ನ ಕಂಡರೆ ವಾಕರಿಕೆ. ಹಸಿ ಕೊತ್ತಂಬರಿ ಸೊಪ್ಪು ಮೂಸಿದರೆ ಮಾತ್ರ ಎರಡು ತುತ್ತು ಗಂಜಿ ಒಳಗೆ ಹೋಗುತ್ತಿತ್ತು. ಉಮ್ಮರಾಕನ ಅಂಗಡಿಗೆ ಬರುವ ಸೊಪ್ಪು ಚಾರ್ಮಾಡಿ ಘಾಟಿ ಇಳಿಯುವಾಗಲೇ ಬಾಡಿರುತ್ತದೆ. ಅದಕ್ಕೆ ನೀವೇ ಬಾವಿಯ ಪಕ್ಕ ಪಾತಿ ಮಾಡಿ ಬೀಜ ಹಾಕಿದಿರಿ. ಕ್ಯಾಲೆಂಡರಿನಲ್ಲಿ ಕೆಡ್ಡಸ ಮರುದಿನದಿಂದ ಎಂದು ಇತ್ತು. ನಮ್ಮ ಅಮ್ಮನ ಲೆಕ್ಕದಲ್ಲಿ ನೀವು ಬಿತ್ತಿದ ದಿನವೇ ಸುರು. ಭೂಮಿ ಮುಟ್ಟಾಗಿ ಮಲಗುವ ಆ ಮೂರು ದಿನ ಮಣ್ಣಿಗೆ ಹಾರೆ ತಾಗಿಸಬಾರದು ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನಿಮಗೂ ಗೊತ್ತಿತ್ತು. ತಿಳಿದೂ ಅಗೆಯುವವರು ನೀವಲ್ಲ. ಅಗೆದವರು ನೀವು, ನೀರು ಹೊಯ್ದವಳು ನಾನು. ವಾರ ಕಳೆಯುವ ಮೊದಲೇ ನಿಮಗೆ ರಕ್ತ ಹೋಗಲು ಶುರುವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ನಾನೂ ಕೇಳಿದ್ದೇನೆ. ಮೊದಲ ತಿಂಗಳುಗಳಲ್ಲಿ ಕೆಲವೊಮ್ಮೆ ಹೀಗೆ ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದರು. ಮನೆಗೆ ಬಂದಾಗ ಅಮ್ಮ ಬಾಗಿಲಲ್ಲಿ ನಿಂತು, "ಮಲಗಿದ್ದ ಭೂಮಿಯ ಹೊಟ್ಟೆ ಅಗೆದದ್ದಕ್ಕೆ ನಮ್ಮ ಹೊಟ್ಟೆಯದ್ದು ಹೋಯ್ತು" ಎಂದರು. ನೀವು ಚಪ್ಪಲಿ ಬಿಟ್ಟು ಒಳಗೆ ಹೋದಿರಿ. ಅಣ್ಣ ಏನೂ ಹೇಳಲಿಲ್ಲ.

ನೀವು ಹೋದ ಮೇಲೆ ಪಾತಿಯಲ್ಲಿ ಮೊಳಕೆ ಬಂದಿತ್ತು. ಈಗ ಅದು ಇಲ್ಲ. ಯಾಕೆ ಎಂದು ಕೇಳಬೇಡಿ. ಆದರೆ ನೀವು ತಂದಿಟ್ಟ ಬೀಜ ಹಾರ್ಲಿಕ್ಸ್ ಬಾಟಲಿಯಲ್ಲಿ ಇನ್ನೂ ಉಂಟು. ಕೊತ್ತಂಬರಿ, ಮೆಂತೆ, ಕಾಮಕಸ್ತೂರಿ. ಬಿತ್ತುವ ಮೊದಲು ಬೀಜಕ್ಕೆ ಏನೇನು ಮಾಡಬೇಕು ಎಂದು ಬರೆಯುತ್ತೀರಾ? ನೀವು ಮಾಡುವಾಗ ನಾನು ಸರಿಯಾಗಿ ನೋಡಲಿಲ್ಲ. ನೀವು ಇರುತ್ತೀರಿ ಎಂದುಕೊಂಡಿದ್ದೆ.

ನಿಮ್ಮ
ಹರಿಣಿ


ಮೂಡುಬಿದಿರೆ
13 ಮಾರ್ಚ್ 2024

ಹರಿಣಿ,

ಕಾಗದ ಸಿಕ್ಕಿತು. ಓದಲು ಕಷ್ಟವಾಗಲಿಲ್ಲ. ಒತ್ತಕ್ಷರಗಳೂ ಹೆಚ್ಚುಕಡಿಮೆ ಎಲ್ಲ ಇದ್ದವು. ನೀನು ಬೀಜದ ವಿಷಯ ಕೇಳಿದ್ದೀ, ಅದನ್ನೇ ಬರೆಯುತ್ತೇನೆ.

ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತದೆ. ಇಡೀ ಕಾಳು ಹಾಕಿದರೆ ಹುಟ್ಟುವುದು ತಡ. ಮಣೆಯ ಮೇಲೆ ಹರಡಿ, ತೆಂಗಿನ ಗೆರಟೆ ಮಗುಚಿ ಹಗುರವಾಗಿ ಉಜ್ಜು. ಎರಡು ಹೋಳಾಗಬೇಕು, ಹುಡಿ ಆಗಬಾರದು. ನಿನ್ನ ಕೈ ಭಾರ, ಜಾಗ್ರತೆ. ಒಂದು ರಾತ್ರಿ ನೀರಿನಲ್ಲಿ ಹಾಕಿ, ಬೆಳಿಗ್ಗೆ ಬಟ್ಟೆಯ ಮೇಲೆ ಹರಡಿ, ಮೈ ಒಣಗಿದ ಮೇಲೆ ಬಿತ್ತು. ಮೆಂತೆಗೂ ನೀರು ಬೇಕು, ಉಜ್ಜುವುದು ಬೇಡ. ಕಾಮಕಸ್ತೂರಿಗೆ ಮಾತ್ರ ನೀರು ತೋರಿಸಲೇಬೇಡ. ಅದನ್ನು ಹೊಳೆಯ ಒಣ ಹೊಯಿಗೆಯ ಜೊತೆ ಬೆರೆಸಿ ಚೆಲ್ಲಿ ಅಂಗೈಯಿಂದ ಒತ್ತಿದರೆ ಸಾಕು. ಮೇಲೆ ಮಣ್ಣು ಎಳೆಯಬೇಡ, ಅದಕ್ಕೆ ಬೆಳಕು ಬೇಕು.

ಈಗ ಬಿಸಿಲು, ಏನೂ ಹಾಕಬೇಡ. ಮೇ ತಿಂಗಳ ಕೊನೆಗೆ, ಕೋಲ ಜಾತ್ರೆಗಳೆಲ್ಲ ಮುಗಿಯುವ ಪತ್ತನಾಜೆ ಬರಲಿ, ಒಂದು ಮಳೆ ಬೀಳಲಿ, ಆಗ ಕಾಮಕಸ್ತೂರಿ ಹಾಕು. ಕೊತ್ತಂಬರಿ, ಮೆಂತೆ ಮಳೆಗೆ ಕೊಳೆಯುತ್ತವೆ. ಅವು ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ಬಾಟಲಿಗೆ ಸ್ವಲ್ಪ ಒಲೆಯ ಬೂದಿ ಹಾಕಿ ಕುಲುಕಿ, ಬೆಚ್ಚಗೆ ಇರುವಲ್ಲಿ ಇಡು.

ಎಲ್ಲ ಬೀಜ ನೀನೇ ಮುಗಿಸಬೇಡ. ಅರ್ಧ ನನಗೆ ಇರಲಿ.

ನಾನು ಪರವಾಗಿಲ್ಲ. ಪಾತಿ ಯಾಕೆ ಇಲ್ಲ ಎಂದು ಕೇಳುವುದಿಲ್ಲ. ಕೇಳದೆಯೂ ಗೊತ್ತಾಗುತ್ತದೆ.

ತೃಪ್ತಿ


ಕಕ್ಕಿಂಜೆ
1 ಏಪ್ರಿಲ್ 2024

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಬರುವ ಮೊದಲೇ ನಾನು ಒಂದು ಕೆಲಸ ಕೆಡಿಸಿ ಆಗಿತ್ತು. ಬೀಜ ಎಂದ ಮೇಲೆ ನೆನೆಸಬೇಕಲ್ಲ ಎಂದು ಒಂದು ಹಿಡಿ ಕಾಮಕಸ್ತೂರಿಯನ್ನು ಲೋಟದ ನೀರಿಗೆ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಲೋಟ ತುಂಬಿ ಲೋಳೆ. ಬೆರಳಿಗೆ ಅಂಟುತ್ತದೆ, ಮಣ್ಣಿಗೆ ಬೀಳುವುದಿಲ್ಲ. ಅಮ್ಮ ಬಗ್ಗಿ ನೋಡಿ, "ಎಂತದ್ದು ಇದು, ಕಪ್ಪೆ ಮೊಟ್ಟೆ ಇಟ್ಟ ಹಾಗೆ ಉಂಟು!" ಎಂದರು. ಅಣ್ಣ ಅದಕ್ಕೆ ಬೆಲ್ಲ, ಲಿಂಬೆ ಹಿಂಡಿ ಕುಡಿದೇ ಬಿಟ್ಟ. "ಬಿತ್ತಲಿಕ್ಕೆ ಆಗದಿದ್ರೆ ಕುಡಿಲಿಕ್ಕೆ ಆಗ್ತದೆ, ನೀನು ಅಳುದೆಂತಕ್ಕೆ?" ಎಂದ. ನೀವು ಹೋದ ಮೇಲೆ ಈ ಮನೆಯಲ್ಲಿ ಮೂರು ಜನ ಒಟ್ಟಿಗೆ ನಕ್ಕದ್ದು ಅದೇ.

ಆಮೇಲೆ ನಿಮ್ಮ ಕಾಗದ ಬಂತು. ಅರ್ಧ ಬೀಜ ತನಗೆ ಇಡಲು ಅತ್ತಿಗೆ ಹೇಳಿದ್ದಾರೆ ಎಂದು ಅಮ್ಮನಿಗೆ ಹೇಳಿದೆ.

"ಬಿತ್ತಲಿಕ್ಕೆ ಬರ್ತಾಳಂತಾ?" ಎಂದು ಕೇಳಿದರು.

ನಾನು ತಲೆ ಆಡಿಸಿದೆ. ನೀವು ಹಾಗೆಯೇ ಅಲ್ಲವಾ ಬರೆದದ್ದು? ಪತ್ತನಾಜೆಗೆ ಬಂದು ನಿಮ್ಮ ಪಾಲಿನದ್ದನ್ನು ನೀವೇ ಬಿತ್ತುತ್ತೀರಿ ಎಂದು ನನಗೆ ಗೊತ್ತಾಯಿತು. ನಿಮ್ಮ ಪಾಲನ್ನು ಬೇರೆ ಬಾಟಲಿಗೆ ಹಾಕಿ ಮುಚ್ಚಳಕ್ಕೆ ದಾರ ಕಟ್ಟಿ ಇಟ್ಟಿದ್ದೇನೆ.

ಅಣ್ಣ ಊಟ ಮಾಡುವಾಗ ತಟ್ಟೆಯನ್ನೇ ನೋಡುತ್ತಾ, "ನನ್ನ ಸುದ್ದಿ ಏನಾದ್ರೂ ಉಂಟಾ ಕಾಗದದಲ್ಲಿ?" ಎಂದು ಕೇಳಿದ. ಉಂಟು, ಚೆನ್ನಾಗಿದ್ದಾರಾ ಎಂದು ಕೇಳಿದ್ದಾರೆ ಎಂದೆ. ಮರುದಿನ ರಿಕ್ಷಾದ ಹಿಂದಿನ ಸೀಟು ಹೊಲಿಸಿಕೊಂಡು ಬಂದ. ಪ್ಯಾಸೆಂಜರುಗಳು ಎಷ್ಟು ಬೈದರೂ ಹೊಲಿಸದಿದ್ದವನು.

ಇನ್ನೊಂದು ಸುದ್ದಿ. ಅಮ್ಮನೂ ಅಣ್ಣನೂ ಗುರುವಾಯನಕೆರೆಯ ಆಚೆ ಒಬ್ಬರು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಲು ಹೋಗಿ ಬಂದರು. ಅವರು ಏನು ಹೇಳಿದರು ಎಂದು ನನಗೆ ಗೊತ್ತಿಲ್ಲ.

ನಿಮ್ಮ
ಹರಿಣಿ


ಮೂಡುಬಿದಿರೆ
19 ಏಪ್ರಿಲ್ 2024

ಹರಿಣಿ,

ಬಿತ್ತಲು ಬರುತ್ತೇನೆ ಎಂದು ನಾನು ಬರೆದಿರಲಿಲ್ಲ. ನಾನು ಇಲ್ಲಿ ಒಂದು ನರ್ಸರಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಕಪ್ಪು ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು ತುಂಬಿಸುವುದು, ಬೀಜ ಹಾಕುವುದು, ನೀರು ಬಿಡುವುದು. ಮಣ್ಣಿನಲ್ಲಿ ಕೈ ಇದ್ದರೆ ತಲೆ ಸುಮ್ಮನಿರುತ್ತದೆ. ಅಲ್ಲಿ ಹಾಕಿ ನೋಡುವ ಎಂದು ಅರ್ಧ ಬೀಜ ಕೇಳಿದ್ದು. ಪೋಸ್ಟಿನಲ್ಲಿ ಕಳಿಸು ಎಂದು ಬರೆಯಲು ಮರೆತೆ.

ಆದರೆ ನೀನು ಹಾಗೆ ಓದಿದ್ದಕ್ಕೆ ನನಗೆ ಬೇಸರವಾಗಲಿಲ್ಲ. ಕಾಗದವನ್ನು ಮಡಚಿಟ್ಟು ಕೆಲಸಕ್ಕೆ ಹೋದೆ. ದಿನವಿಡೀ ಅದೇ ತಲೆಯಲ್ಲಿತ್ತು. ಆ ಬಾವಿಕಟ್ಟೆ, ನಿನ್ನ ದಾರ ಕಟ್ಟಿದ ಬಾಟಲಿ, ಸೀಟು ಹೊಲಿಸಿದ ರಿಕ್ಷಾ. ನಗು ಬಂತು, ಆಮೇಲೆ ನಗು ಬರಲಿಲ್ಲ.

ನಾನು ಯಾಕೆ ಹೊರಟೆ ಎಂದು ನಿನಗೆ ಪೂರ್ತಿ ಗೊತ್ತಿಲ್ಲ. ಅತ್ತೆ ಹೇಳಿದ ಮಾತಿಗೆ ಅಲ್ಲ. ವಯಸ್ಸಾದವರು, ಅವರ ಕಾಲದ ಮಾತು ಹೇಳಿದರು. ಆ ಹೊತ್ತಿಗೆ ನಿನ್ನ ಅಣ್ಣ ನನ್ನ ಹಿಂದೆ ಔಷಧಿಯ ಚೀಲ ಹಿಡಿದು ನಿಂತಿದ್ದರು. ಡಾಕ್ಟರು ಹೇಳಿದ್ದನ್ನು ಅವರೂ ಕೇಳಿದ್ದರು. "ಹಾಗಲ್ಲ ಅಮ್ಮ" ಎಂಬ ಎರಡು ಶಬ್ದ ಸಾಕಿತ್ತು. ರಾತ್ರಿ ಕೋಣೆಯಲ್ಲಾದರೂ ಹೇಳುತ್ತಾರೆ ಎಂದು ಕಾದೆ. "ಮಾತ್ರೆ ತೆಗೊಂಡಿಯಾ?" ಎಂದು ಕೇಳಿ ಮಗ್ಗುಲಾದರು.

ಆ ಮನೆಯಲ್ಲಿ ನನ್ನನ್ನು ಯಾರೂ ತಪ್ಪಿತಸ್ಥೆಯ ಹಾಗೆ ನೋಡುವುದಿಲ್ಲ ಎಂದಾದರೆ ನಾನು ಬಂದೇನು. ಪತ್ತನಾಜೆಯ ದಿನ ಬೇಕಾದರೂ ಬಂದೇನು. ಒಂದು ವಿಷಯ ಮಾತ್ರ ಮುಚ್ಚಿಡದೆ ಬರೆ. ಜೋಯಿಸರು ಏನು ಹೇಳಿದರು? ಗೋಡೆಯ ಆಚೆ ಇರುವೆ ನಡೆದರೂ ನಿನ್ನ ಕಿವಿಗೆ ಕೇಳುತ್ತದೆ. ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ.

ತೃಪ್ತಿ


ಕಕ್ಕಿಂಜೆ
8 ಮೇ 2024

ಪ್ರೀತಿಯ ಅತ್ತಿಗೆ,

ನೀವು ಬರುತ್ತೀರಿ ಎಂದು ಓದಿದ ಮೇಲೆ ಒಂದು ಕಡೆ ಕೂತು ಬರೆಯಲು ಆಗುತ್ತಿಲ್ಲ. ಅಕ್ಷರ ಈ ಸಲ ಇನ್ನೂ ಹಾಳಾಗಿದ್ದರೆ ಅದಕ್ಕೇ.

ಪಾತಿ ತಯಾರು ಮಾಡಿದ್ದೇನೆ. ಹಳೆಯ ಜಾಗವೇ. ಮಣ್ಣನ್ನು ಜರಡಿ ಹಿಡಿದು ಕಲ್ಲು ತೆಗೆದೆ. ಸುಡುಮಣ್ಣು, ಒಣಗಿದ ಸೆಗಣಿ ಹುಡಿ ಬೆರೆಸಿದೆ. ಸುತ್ತಲೂ ಬೀಡಿಯ ಹೊಗೆಸೊಪ್ಪಿನ ಹುಡಿ ಗೆರೆ ಎಳೆದ ಹಾಗೆ ಹಾಕಿದ್ದೇನೆ. ಇರುವೆ ದಾಟುವುದಿಲ್ಲ, ಬೀಜ ಹೊತ್ತುಕೊಂಡು ಹೋಗುವುದಿಲ್ಲ. ನಮ್ಮ ಕೆಲಸದಿಂದ ಕೆಮ್ಮು ಬಿಟ್ಟು ಬೇರೆ ಏನಾದರೂ ಪ್ರಯೋಜನ ಬೇಡವಾ?

ಅಮ್ಮ ನಿಮ್ಮ ಕೋಣೆಯನ್ನು ಸಾರಿಸಿದರು. ತಲೆದಿಂಬು ಬಿಸಿಲಿಗೆ ಹಾಕಿದರು. "ಅವಳಿಗೆ ತಿನ್ನಲಿಕ್ಕೆ ಹಲಸಿನ ಕೊಟ್ಟಿಗೆ ಇಷ್ಟ ಅಲ್ವಾ?" ಎಂದು ಕೇಳಿದರು. ನೀವು ಬಂದರೆ ಮನೆ ಮೊದಲಿನ ಹಾಗೆ ಆಗುತ್ತದೆ ಎಂದು ಅಮ್ಮನಿಗೂ ಇದೆ. ಪತ್ತನಾಜೆಯ ದಿನ ಬೆಳಿಗ್ಗೆ ಅಣ್ಣ ರಿಕ್ಷಾ ತೆಗೆದುಕೊಂಡು ಮೂಡುಬಿದಿರೆಗೆ ಬರುತ್ತಾನೆ. ಬಸ್ಸು ಬೇಡ.

ಜೋಯಿಸರು ವಿಶೇಷ ಏನೂ ಹೇಳಲಿಲ್ಲವಂತೆ. ಗ್ರಹಗತಿ ಎಂದರಂತೆ. ಅಷ್ಟೇ.

ಖಂಡಿತ ಬನ್ನಿ.

ನಿಮ್ಮ
ಹರಿಣಿ


ಮೂಡುಬಿದಿರೆ
27 ಮೇ 2024

ಹರಿಣಿ,

ನಿನಗೆ ಗೊತ್ತಿತ್ತು.

ದಾರಿಯುದ್ದಕ್ಕೂ ನಿನ್ನ ಅಣ್ಣ ಮಾತಾಡಿದ್ದು ಒಂದೇ. ವೇಣೂರಿನಲ್ಲಿ ರಿಕ್ಷಾ ನಿಲ್ಲಿಸಿ, "ಸೋಡಾ ಕುಡಿಯುವಾ?" ಎಂದರು. ನನಗೆ ಅದೂ ಸಂತೋಷವೇ ಆಯಿತು. ಹೇಳಬೇಕಾದದ್ದನ್ನು ಮನೆಯಲ್ಲಿ, ತಾಯಿಯ ಎದುರು ಹೇಳುತ್ತಾರೆ ಎಂದುಕೊಂಡೆ.

ಅಂಗಳದಲ್ಲಿ ಇಳಿದರೆ ನೀನು ಮಾಡಿದ ಪಾತಿಯ ಎದುರಿಗೆ ಬಾಳೆಲೆ. ಎಲೆಯಲ್ಲಿ ಎಣ್ಣೆ, ಸೀಗೆಪುಡಿ, ಅರಸಿನ, ಕುಂಕುಮ. ಕೆಡ್ಡಸದ ಕೊನೆಯ ದಿನ ಭೂಮಿಗೆ ಇಡುವುದೆಲ್ಲ ಮೇ ತಿಂಗಳಲ್ಲಿ ನನಗಾಗಿ ಇಟ್ಟಿತ್ತು. ಅತ್ತೆ ಸಿಟ್ಟಿನಲ್ಲಿ ಮಾತಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಮೆತ್ತಗೆ ಹೇಳಿದರು.

"ಮಗಾ, ಒಳಗೆ ಬರುವ ಮೊದಲು ಭೂಮಿಗೆ ಎಣ್ಣೆ ಬಿಟ್ಟು, ತಪ್ಪಾಯ್ತು ಅಂತ ಒಂದು ಮಾತು ಹೇಳು. ಜೋಯಿಸರು ಹೇಳಿದ್ದು. ಮತ್ತೆ ಎಲ್ಲ ಸರಿಯಾಗ್ತದೆ, ಹೊಟ್ಟೆಯೂ ನಿಲ್ತದೆ."

"ನಾನು ಎಂತ ತಪ್ಪು ಮಾಡಿದ್ದು ಅತ್ತೆ?"

"ಬೇಕೂಂತ ಮಾಡಿದ್ದಲ್ಲ, ನನಗೆ ಗೊತ್ತುಂಟು. ಆದ್ರೂ ಆಯ್ತಲ್ಲ."

ನಾನು ನಿನ್ನ ಅಣ್ಣನ ಕಡೆ ನೋಡಿದೆ. ಅವರು ರಿಕ್ಷಾದ ಕನ್ನಡಿ ಒರೆಸುತ್ತಿದ್ದರು. "ಒಂದು ಮಾತಲ್ವಾ ಮಾರಾಯ್ತಿ, ಹೇಳಿ ಬಿಡು" ಎಂದರು.

ಭೂಮಿಗೆ ಎಣ್ಣೆ ಬಿಡಲು ನನಗೆ ಏನೂ ಅಡ್ಡಿ ಇಲ್ಲ. ಬುದ್ಧಿ ಬಂದಾಗಿನಿಂದ ವರ್ಷ ವರ್ಷ ಬಿಟ್ಟಿದ್ದೇನೆ. ಆ ದಿನ ಬಿಟ್ಟಿದ್ದರೆ ನನ್ನ ಮಗುವನ್ನು ನಾನೇ ಕಳೆದೆ ಎಂದು ಒಪ್ಪಿಕೊಂಡ ಹಾಗೆ. ಮುಂದೆ ಆ ಮನೆಯಲ್ಲಿ ಹಾಲು ಒಡೆದರೂ ಆ ದಿನದ ನೆನಪು ಮಾಡುತ್ತಾರೆ.

ನೀನು ಬಾಗಿಲ ಹಿಂದೆ ಇದ್ದೆ. ಬಾಗಿಲ ಅಡಿಯಿಂದ ನಿನ್ನ ಪಾದ ಕಾಣುತ್ತಿತ್ತು. ನಾನು ಮುಖ್ಯ ರಸ್ತೆಯವರೆಗೆ ನಡೆದು ಬಸ್ಸು ಹತ್ತಿದೆ. ತಿರುಗಿ ನೋಡಲಿಲ್ಲ. ನೀನು ಹೊರಗೆ ಬಂದೆಯೋ ಇಲ್ಲವೋ ಗೊತ್ತಿಲ್ಲ.

ಕೇಳಿದ ಒಂದೇ ಪ್ರಶ್ನೆಗೆ ನೀನು ಸುಳ್ಳು ಬರೆದೆ. ಇನ್ನು ಬರೆಯಬೇಡ.

ತೃಪ್ತಿ


ಕಕ್ಕಿಂಜೆ
12 ಜೂನ್ 2024

ಅತ್ತಿಗೆ,

ಬರೆಯಬೇಡ ಎಂದಿದ್ದೀರಿ. ಬೀಜ ಕಳಿಸುವಾಗ ಜೊತೆಗೆ ಒಂದು ತುಂಡು ಕಾಗದ ಇಡದಿದ್ದರೆ ಯಾರದ್ದು ಎಂದು ಗೊತ್ತಾಗುವುದಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ನಾನು ಹೊರಗೆ ಬಂದೆ. ಗೇಟಿನವರೆಗೆ ಬಂದೆ. ಕರೆಯಲು ಬಾಯಿ ತೆರೆದೆ, "ಅ" ಎಂಬಲ್ಲಿಯೇ ನಿಂತಿತು. ಅಷ್ಟು ಹೊತ್ತಿಗೆ ನೀವು ತಿರುವು ದಾಟಿದಿರಿ.

ನೀವು ಒಮ್ಮೆ ಒಳಗೆ ಬಂದು ಕೂತರೆ, ನಾಲ್ಕು ಜನ ಒಟ್ಟಿಗೆ ಊಟ ಮಾಡಿದರೆ, ಅಮ್ಮ ಆ ಎಲೆಯನ್ನು ಮರೆತಾರು ಎಂದುಕೊಂಡಿದ್ದೆ. ನಿಮ್ಮನ್ನು ನೋಡದೆ ಇರಲು ನನಗೆ ಆಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ಬೀಜ ಕಟ್ಟುವಾಗ ಅಮ್ಮ ಹತ್ತಿರ ಬಂದು ನಿಂತರು. ಯಾರಿಗೆ ಎಂದು ಕೇಳಲಿಲ್ಲ. "ಇನ್ನೊಮ್ಮೆ ಬಿಸಿ ತಾಗಿಸಿ ಕಟ್ಟು, ಈ ಮಳೆಗೆ ಪೋಸ್ಟಿನ ಚೀಲದಲ್ಲಿ ಬೂಷ್ಟು ಹಿಡೀತದೆ" ಎಂದರು. ಒಲೆಯ ಪಕ್ಕ ತಟ್ಟೆಯಲ್ಲಿ ಹರಡಿ, ತಾವೇ ಕೈಯಾಡಿಸಿದರು.

ಉಮ್ಮರಾಕ ಸುತ್ತಲು ದಪ್ಪ ಕಾಗದ ಕೊಟ್ಟರು. "ಎಂತ ಹೆಣ್ಣೇ, ದುಬೈಗಾ ಪಾರ್ಸೆಲು?" ಎಂದರು. ನಾನು "ಮೂ..." ಎಂದು ನಿಂತೆ. "ಮೂಡುಬಿದಿರೆಗೆ!" ಎಂದು ಅವರೇ ಮುಗಿಸಿದರು. "ದುಬೈಗಿಂತ ಒಂದು ದಿನ ಬೇಗ ಹೋಗ್ತದೆ, ಹೆದರ್ಬೇಡ."

ಹರಿಣಿ


ಕಕ್ಕಿಂಜೆ
9 ಆಗಸ್ಟ್ 2024

ಅತ್ತಿಗೆ,

ಈಗ ಆಟಿ ತಿಂಗಳು. ಮದುವೆಯಾಗಿ ಹೋದವರು ತಾಯಿಮನೆಗೆ ಆಟಿ ಕೂರಲು ಬರುವ ಕಾಲ. ಅದರಿಂದ ನನಗೆ ಒಂದು ತಿಂಗಳು ಉಪಕಾರವಾಯಿತು. ಯಾರಾದರೂ ಕೇಳಿದರೆ ಅಮ್ಮ, "ಆಟಿಗೆ ಹೋದದ್ದು" ಎನ್ನುತ್ತಾರೆ. ಕೇಳಿದವರೂ ಹೌದು ಹೌದು ಎನ್ನುತ್ತಾರೆ. ನೀವು ಹೋದದ್ದು ಫೆಬ್ರವರಿಯಲ್ಲಿ ಎಂದು ಅವರಿಗೂ ಗೊತ್ತು. ಇನ್ನು ಸೋಣ ತಿಂಗಳು ಬರುತ್ತದೆ, ಆಟಿಗೆ ಹೋದವರೆಲ್ಲ ಗಂಡನ ಮನೆಗೆ ಮರಳುತ್ತಾರೆ. ಆಗ ಏನು ಹೇಳುವುದು ಎಂದು ಅಮ್ಮ ಈಗಲೇ ಯೋಚಿಸುತ್ತಿದ್ದಾರೆ.

ಪಾತಿಗೆ ನಾನು ಏನೂ ಹಾಕಲಿಲ್ಲ. ಮಳೆಗೆ ಮಣ್ಣು ಕೂತು ಗಟ್ಟಿಯಾಗಿದೆ.

ಬೀಜ ಸಿಕ್ಕಿತಾ ಎಂದು ಮಾತ್ರ ತಿಳಿಸಿದರೆ ಸಾಕು. ಒಂದು ಖಾಲಿ ಕಾರ್ಡ್ ಹಾಕಿದರೂ ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಹರಿಣಿ


ಮೂಡುಬಿದಿರೆ
22 ಸೆಪ್ಟೆಂಬರ್ 2024

ಹರಿಣಿ,

ಬೀಜ ಆಗಲೇ ಸಿಕ್ಕಿತ್ತು. ಕಾಮಕಸ್ತೂರಿ ಒಂದೂ ಬಿಡದೆ ಹುಟ್ಟಿತು. ಬಂಟ್ವಾಳದ ಒಬ್ಬರು ಹೂವಿನ ಮಾಲೆಗೆ ಬೇಕು ಎಂದು ಸಸಿಗಳನ್ನೆಲ್ಲ ಒಯ್ದರು. ಬೂಷ್ಟು ಹಿಡಿದಿರಲಿಲ್ಲ ಎಂದು ಅತ್ತೆಗೆ ಹೇಳು.

ಅವರೆಲ್ಲರಿಗಿಂತ ನಿನ್ನ ಮೇಲೆಯೇ ನನಗೆ ಹೆಚ್ಚು ದಿನ ಸಿಟ್ಟು ಇದ್ದದ್ದು. ಬೇರೆಯವರ ಮೇಲೆ ನಾನು ಅಷ್ಟು ನಿರೀಕ್ಷೆ ಇಟ್ಟಿರಲಿಲ್ಲ. ಈಗ ಸಿಟ್ಟು ಇಲ್ಲ.

ಹೋದ ವಾರ ನಿನ್ನ ಅಣ್ಣ ನರ್ಸರಿಗೆ ಬಂದಿದ್ದರು. ಗಿರಾಕಿಯ ಹಾಗೆ ಸಾಲು ಸಾಲು ನೋಡುತ್ತಾ ಬಂದು, ನನ್ನ ಎದುರು ನಿಂತು, "ಈ ಕರಿಬೇವಿನ ಗಿಡಕ್ಕೆ ಎಷ್ಟು?" ಎಂದರು. ನಾನು ರೇಟು ಹೇಳಿದೆ. ಸ್ವಲ್ಪ ಹೊತ್ತು ತೊಟ್ಟೆಯ ಮಣ್ಣು ಒತ್ತಿ ನೋಡಿದರು. ಆಮೇಲೆ ಹೇಳಿದರು.

"ತಪ್ಪು ನಿಂದಲ್ಲ. ಅದನ್ನು ಹೇಳ್ಲಿಕ್ಕೆ ಬಂದದ್ದು."

"ಅದು ನನಗೆ ಗೊತ್ತುಂಟು. ಗೊತ್ತಿಲ್ಲದವರಿಗೆ ಹೋಗಿ ಹೇಳಿ."

"ಅಮ್ಮನಿಗೆ ಹೇಗೆ ಹೇಳುದು ಮಾರಾಯ್ತಿ? ಅವರಿಗೆ ಬೇಜಾರಾಗ್ತದೆ."

ಅವರು ಕೆಟ್ಟವರಲ್ಲ ಹರಿಣಿ. ಆ ಮಾತು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಆದರೆ ನಾಳೆ ಇನ್ನೊಂದು ಮಗು ಆದರೆ, ಅದಕ್ಕೊಂದು ಜ್ವರ ಬಂದರೆ, ಆಗಲೂ ಅವರು ಅಲ್ಲಿಯೇ ನಿಂತಿರುತ್ತಾರೆ, ಕೈಯಲ್ಲಿ ಔಷಧಿಯ ಚೀಲ ಹಿಡಿದು. ಕರಿಬೇವಿನ ಗಿಡ ತೆಗೆದುಕೊಂಡು ಹೋದರು. ನೆಟ್ಟಿದ್ದಾರಾ?

ನಾನು ಬರುವುದಿಲ್ಲ. ನೀನು ಇನ್ನು ಕಾಯಬೇಡ, ಯಾರನ್ನೂ ಕಾಯಿಸಬೇಡ. ನಿನಗೆ ನನ್ನನ್ನು ನೋಡಬೇಕು ಎಂದು ಇದ್ದರೆ ನೀನು ಬಾ. ಭಾನುವಾರ ಮಧ್ಯಾಹ್ನದ ಮೇಲೆ ನನಗೆ ರಜೆ.

ತೃಪ್ತಿ


ಕಕ್ಕಿಂಜೆ
8 ಡಿಸೆಂಬರ್ 2024

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ತಡವಾಯಿತು. ಮೂರು ಸಲ ಬರೆದೆ. ಮೂರರಲ್ಲಿಯೂ ಕೊನೆಗೆ "ಬನ್ನಿ" ಎಂದು ಬರುತ್ತಿತ್ತು. ಒಲೆಗೆ ಹಾಕಿದೆ.

ಅಣ್ಣ ಕರಿಬೇವನ್ನು ಹಿತ್ತಲಲ್ಲಿ ನೆಟ್ಟಿದ್ದಾನೆ. ಎಲ್ಲಿಂದ ತಂದದ್ದು ಎಂದು ಅಮ್ಮನಿಗೆ ಹೇಳಿಲ್ಲ.

ದೀಪಾವಳಿ ಕಳೆದು ಮಳೆ ಪೂರ್ತಿ ಹೋದ ಮೇಲೆ ನಾನು ಕೊತ್ತಂಬರಿ ತೆಗೆದೆ. ಗೆರಟೆಯಿಂದ ಉಜ್ಜುತ್ತಿದ್ದೆ, ಅಮ್ಮ ಬೀಡಿಯ ಮೊರ ಹಿಡಿದು ಎದುರಿಗೆ ಕೂತಿದ್ದರು. "ಕಾಗದ ಬಂತಾ? ಬರ್ತಾಳಂತಾ?" ಎಂದು ಯಾವಾಗಿನ ಹಾಗೆ ಕೇಳಿದರು.

"ಬರುದಿಲ್ಲ" ಎಂದೆ.

ಅಮ್ಮನ ಕತ್ತರಿ ಎಲೆಯ ಮೇಲೆ ನಿಂತಿತು. ನನಗೆ ಎಲ್ಲಿಂದ ಬಂತೋ, ನಾನು ಹೇಳಲು ಶುರು ಮಾಡಿದೆ. "ಅಮ್ಮಾ, ಕೆಡ್ಡಸಕ್ಕೆ ನಾನೂ ಕೈಮುಗಿತೇನೆ. ಆದ್ರೆ ಮೂರು ದಿನ ತಾನೇ ಹೊಟ್ಟೆನೋವಲ್ಲಿ ಮಲಗುವ ಭೂಮಿತಾಯಿ ಇನ್ನೊಬ್ಬಳ ಹೊಟ್ಟೆಗೆ ಕೈ ಹಾಕ್ತಾಳಾ?"

ಇಷ್ಟು ಹೇಳಲು ಎಷ್ಟು ಹೊತ್ತು ಹಿಡಿಯಿತೋ. ನಡುವೆ ಎರಡು ಕಡೆ ಸಿಕ್ಕಿಕೊಂಡಿತು. ಅಮ್ಮ ನನ್ನ ಮಾತನ್ನು ಮುಗಿಸಿಕೊಡಲಿಲ್ಲ. ಏನು ಬರುತ್ತದೆ ಎಂದು ಈ ಸಲ ಅವರಿಗೆ ಗೊತ್ತಿರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಾ ಕೂತರು.

"ಹಾಗಾದ್ರೆ ಯಾಕೆ ಹೋಯ್ತು?" ಎಂದರು.

"ಡಾಕ್ಟ್ರು ಹೇಳಿದ್ರಲ್ಲ, ಯಾರ ತಪ್ಪೂ ಅಲ್ಲ."

"ಯಾರ ತಪ್ಪೂ ಅಲ್ಲಾಂದ್ರೆ ನಾನು ಯಾರತ್ರ ಕೇಳುದು ಹೆಣ್ಣೇ?"

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಆ ಮಗುವಿಗಾಗಿ ಅಮ್ಮ ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸಿಟ್ಟು ಮಾಡಿದ್ದನ್ನು ನೋಡಿದ್ದೆ, ಬೇಡಿಕೊಂಡದ್ದನ್ನು ನೋಡಿದ್ದೆ. ಅಳಲು ಅವರಿಗೆ ಪುರುಸೊತ್ತು ಸಿಕ್ಕಿರಲಿಲ್ಲವೋ ಏನೋ. ಅಣ್ಣ ಹೊರಗೆ ಕಾಲು ತೊಳೆಯುತ್ತಿದ್ದ. ನೀರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿಸಿತು. ಅವನು ಒಳಗೆ ಬರಲಿಲ್ಲ.

ಮರುದಿನ ಬಟ್ಟೆ ಒಗೆಯುವಾಗ ಅಮ್ಮ ನನ್ನ ಕಡೆ ನೋಡದೆ ಹೇಳಿದರು. "ಬರುದಾದ್ರೆ ಹಾಗೇ ಬರ್ಲಿ. ಭೂಮಿಗೆ ಎಣ್ಣೆ ನಾನೇ ಬಿಡ್ತೇನೆ. ಕೆಡ್ಡಸದ ಲೆಕ್ಕ ತಪ್ಪಿದ್ದು ನನ್ನದೂ ಇರ್ಬಹುದು."

ಇದನ್ನು ನಿಮ್ಮನ್ನು ಕರೆಯಲು ಬರೆದದ್ದಲ್ಲ. ಹೋದ ಸಲ ನಿಮಗೆ ತಿಳಿಯಬೇಕಾದದ್ದನ್ನು ಮುಚ್ಚಿಟ್ಟೆ. ಈ ಸಲ ಎಲ್ಲ ಬರೆದಿದ್ದೇನೆ. ಅಣ್ಣ ಇನ್ನೂ ಏನೂ ಹೇಳಿಲ್ಲ, ಅದನ್ನೂ ಬರೆದಿದ್ದೇನೆ. ನೀವು ಬರುವುದಿಲ್ಲ ಎಂದರೆ ಬರುವುದಿಲ್ಲ. ಉಮ್ಮರಾಕ ಮೊನ್ನೆ, "ನಿನ್ನ ಅತ್ತಿಗೆ ಯಾವಾಗ?" ಎಂದು ಕೇಳಿದಾಗ ಅವರಿಗೂ ಹಾಗೆಯೇ ಹೇಳಿದೆ. ಅವರು ಮುಂದೆ ಕೇಳದೆ ಬೆಲ್ಲ ತೂಗಿದರು.

ಜನವರಿಯಲ್ಲಿ ಒಂದು ಭಾನುವಾರ ನಾನು ಬರುತ್ತೇನೆ. ಬಸ್ಸಿನಲ್ಲಿ ಊರಿನ ಹೆಸರು ಬರೆದ ಚೀಟಿ ತೋರಿಸುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಕಂಡಕ್ಟರ್ ಕಾಯಲಿ.

ಕೊತ್ತಂಬರಿ ಚೆನ್ನಾಗಿ ಹುಟ್ಟಿದೆ. ಎಲ್ಲ ಕಾಳು ಸರಿಯಾಗಿ ಹೋಳಾಗಿದ್ದವು. ಹಾಗಾಗಿ ಕೆಲವು ಕಡೆ ತುಂಬ ಒತ್ತಾಗಿ ಬಂದಿವೆ. ಇವತ್ತು ಬೆಳಿಗ್ಗೆ ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒತ್ತಾಗಿದ್ದಲ್ಲಿ ಒಂದೊಂದು ಸಸಿ ಬಿಟ್ಟು ಒಂದೊಂದನ್ನು ಕಿತ್ತೆ. ಬೆರಳುದ್ದವೂ ಇರಲಿಲ್ಲ. ಬಿಸಾಡಲು ಮನಸ್ಸು ಬರಲಿಲ್ಲ. ಬೇರು ಚಿವುಟಿ, ತೊಳೆದು, ದೋಸೆಯ ಚಟ್ನಿಗೆ ಹಾಕಿ ಅರೆದೆ. ಅಮ್ಮ ಇನ್ನೊಂದು ದೋಸೆ ಕೇಳಿದರು.

ನಿಮ್ಮ
ಹರಿಣಿ